ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಅಕೌಂಟ್ ಮ್ಯಾನೇಜರ್: ಬೆಳಗಾವಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿಯಲ್ಲಿ ಯಾರಾದರೂ ಉದ್ಯೋಗ ವಿಚಾರಿಸಿದಾಗ ‘ಅಕೌಂಟ್ ಮ್ಯಾನೇಜರ್’ ಎಂದರೆ, ಕೇಳಿದವರು ನಮ್ಮನ್ನು ಯಾವುದೋ ಅಂಗಡಿಯ ಕಿರ್ದಿ ಬರೆಯುವವರೆಂದೇ ತಿಳಿಯುತ್ತಾರೆ. ತಮ್ಮ ಜಿಎಸ್‌ಟಿ ರಿಟರ್ನ್ ತುಂಬಿಕೊಡಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಏಜೆನ್ಸಿಯ ಮಾತಿನಲ್ಲಿ ಅಕೌಂಟ್ ಎಂದರೆ ಒಂದು ಕ್ಲೈಂಟ್ ಸಂಸ್ಥೆ ಮತ್ತು ಅದಕ್ಕಾಗಿ ಏಜೆನ್ಸಿ ಮಾಡುವ ಒಟ್ಟು ಕೆಲಸ. ಜಾಹೀರಾತು ಓಡಿಸುವವರು, ವಿನ್ಯಾಸ ಮಾಡುವವರು, ಬರೆಯುವವರು ಬೇರೆ ಬೇರೆ ಇರುತ್ತಾರೆ. ಇವರ ಮತ್ತು ಹಣ ಕೊಡುವ ಕ್ಲೈಂಟ್‌ನ ನಡುವೆ ನಿಂತು, ಕ್ಲೈಂಟ್ ಆಡಿದ ಮಾತನ್ನು ತಂಡ ಮಾಡಬಲ್ಲ ಕೆಲಸವನ್ನಾಗಿಯೂ, ತಂಡ ತೋರಿಸುವ ಅಂಕಿಗಳನ್ನು ಕ್ಲೈಂಟ್‌ನ ಗಲ್ಲಾಪೆಟ್ಟಿಗೆಯ ಭಾಷೆಯನ್ನಾಗಿಯೂ ಬದಲಿಸಿ, ಎರಡನ್ನೂ ಬರಹದಲ್ಲಿ ಇಡುವವರೇ ಅಕೌಂಟ್ ಮ್ಯಾನೇಜರ್. ಹಾಗೆ ನೋಡಿದರೆ ಕಿರ್ದಿ ಬರೆಯುವವರೆಂದು ತಿಳಿದವರು ಪೂರ್ತಿ ತಪ್ಪಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಸಣ್ಣ ಮತ್ತು ಮಧ್ಯಮ ಏಜೆನ್ಸಿಗಳಿಗೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಗೊಂದಲ ಬಾರದಿರಲೆಂದು, ಏಜೆನ್ಸಿಗೆ ಹಣ ಕೊಡುವವರನ್ನು ‘ಕ್ಲೈಂಟ್’ ಎಂದೂ, ಆ ಕ್ಲೈಂಟ್‌ನ ಅಂಗಡಿಗೆ ಬರುವವರನ್ನು ‘ಗಿರಾಕಿ’ ಎಂದೂ ಕರೆಯುತ್ತೇನೆ.

ಹೆಜ್ಜೆ 1: ಹಣ ಎಲ್ಲಿಂದ ಬರುತ್ತದೆಂದು ತಿಳಿಯಿರಿ

ಮೊದಲ ಭೇಟಿಗೆ ಹೋಗುವಾಗ ಲ್ಯಾಪ್‌ಟಾಪ್‌ನಲ್ಲಿ ಏಜೆನ್ಸಿಯ ಸಾಧನೆಯ ಸ್ಲೈಡುಗಳನ್ನು ತುಂಬಿಕೊಂಡು ಹೋಗುವ ಬದಲು, ಕಾಗದದ ಮೇಲೆ ಹತ್ತು ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಲೇಸು. ವರ್ಷದ ಯಾವ ತಿಂಗಳು ವ್ಯಾಪಾರ ಹೆಚ್ಚು, ಯಾವ ತಿಂಗಳು ಮಂದ? ಗಿರಾಕಿ ಒಮ್ಮೆ ಬಂದರೆ ಸರಾಸರಿ ಎಷ್ಟು ರೂಪಾಯಿಯ ಖರೀದಿ ಮಾಡುತ್ತಾನೆ, ಮತ್ತೆ ಬರುತ್ತಾನೆಯೇ? ನೂರು ರೂಪಾಯಿಯ ಮಾರಾಟದಲ್ಲಿ ಕೈಗೆ ಉಳಿಯುವುದೆಷ್ಟು? ಫೋನ್ ಬಂದರೆ ಎತ್ತುವವರು ಯಾರು? ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಅಭಿಯಾನ ಗೆಲ್ಲುವುದೂ ಸೋಲುವುದೂ ಅಲ್ಲಿಯೇ. ಮುಂದೆ ಅದರ ಲೆಕ್ಕ ಬರುತ್ತದೆ.

ನಮ್ಮ ಊರುಗಳಲ್ಲಿ ಒಂದು ವ್ಯವಹಾರಕ್ಕೂ ಇನ್ನೊಂದಕ್ಕೂ ಅಳತೆಗೋಲು ತೀರ ಬೇರೆ. ಉದ್ಯಮಬಾಗದ ಒಂದು ಫೌಂಡ್ರಿಗೆ ತಿಂಗಳಿಗೆ ನಾಲ್ಕು ಗಟ್ಟಿ ವಿಚಾರಣೆಗಳು ಬಂದರೆ ಸಾಕು, ಏಕೆಂದರೆ ಅದರಲ್ಲಿ ಒಂದು ಆರ್ಡರ್ ಆದರೂ ಅದು ವರ್ಷಗಟ್ಟಲೆ ನಡೆಯುತ್ತದೆ. ಅಂಥ ಕ್ಲೈಂಟ್‌ಗೆ ಇನ್‌ಸ್ಟಾಗ್ರಾಮ್‌ನ ಸಾವಿರ ಲೈಕುಗಳಿಗಿಂತ, ಯಾವ ಲೋಹ, ಎಷ್ಟು ಕಿಲೋ ತೂಕದ ಎರಕ, ಯಾವ ಯಂತ್ರಗಳು, ಯಾವ ಗುಣಮಟ್ಟದ ಪ್ರಮಾಣಪತ್ರ ಎಂಬುದನ್ನು ಸ್ಪಷ್ಟವಾಗಿ ಹೇಳುವ ವೆಬ್‌ಸೈಟ್ ಪುಟ ಮತ್ತು ಗೂಗಲ್ ಹುಡುಕಾಟದ ಜಾಹೀರಾತು ಮುಖ್ಯ. ಶಹಾಪುರದ ಸೀರೆ ಅಂಗಡಿಯದು ಇದಕ್ಕೆ ವಿರುದ್ಧ: ಅಲ್ಲಿ ಗಿರಾಕಿ ಕಣ್ಣಿಗೆ ಕಂಡದ್ದನ್ನು ಕೊಳ್ಳುತ್ತಾಳೆ, ಬಣ್ಣ ನೋಡಿ ವಾಟ್ಸ್‌ಆ್ಯಪ್‌ನಲ್ಲಿ ಬೆಲೆ ಕೇಳುತ್ತಾಳೆ. ಆಸ್ಪತ್ರೆಗೆ ಬರುವವರು ಗೋವಾದಿಂದಲೂ ಮಹಾರಾಷ್ಟ್ರದ ಚಂದಗಡದಿಂದಲೂ ಇರಬಹುದು. ಇದನ್ನೆಲ್ಲ ತಿಳಿಯಲು ನಾನು ಕಂಡುಕೊಂಡ ಸರಳ ಉಪಾಯವೆಂದರೆ, ಒಪ್ಪಂದವಾದ ಮೊದಲ ವಾರದಲ್ಲಿ ಕ್ಲೈಂಟ್‌ನ ಕೌಂಟರ್ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕೂರುವುದು. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಂಡರೆ, ಜಾಹೀರಾತಿನ ಅರ್ಧ ಪಠ್ಯ ಅಲ್ಲಿಯೇ ಸಿಕ್ಕಿರುತ್ತದೆ.

ಹೆಜ್ಜೆ 2: ಕೆಲಸದ ವ್ಯಾಪ್ತಿಯನ್ನು ಕಾಗದಕ್ಕೆ ತನ್ನಿ

ನಮ್ಮ ಕಡೆಯ ವ್ಯವಹಾರ ಮಾತಿನ ಮೇಲೆ ನಡೆಯುತ್ತದೆ, ಮತ್ತು ಮಾತಿಗೆ ಬೆಲೆಯೂ ಇದೆ. ಆದರೆ ‘ಎಲ್ಲಾ ನೋಡಿಕೊಳ್ಳುತ್ತೇವೆ’ ಎಂಬ ಮಾತಿನಲ್ಲಿ ‘ಎಲ್ಲಾ’ ಎಂದರೆ ಏನು ಎಂಬ ಬಗ್ಗೆ ಇಬ್ಬರ ತಲೆಯಲ್ಲಿಯೂ ಎರಡು ಚಿತ್ರಗಳಿರುತ್ತವೆ. ಕ್ಲೈಂಟ್‌ನ ಮನೆಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ವಿನ್ಯಾಸವೂ ಆ ‘ಎಲ್ಲಾ’ದೊಳಗೆ ಬಂದುಬಿಡುತ್ತದೆ. ನಾನು ಅಂಥ ಮೂರು ಪತ್ರಿಕೆಗಳನ್ನು ಮಾಡಿಸಿಕೊಟ್ಟಿದ್ದೇನೆ. ಒಂದು ನಿಜಕ್ಕೂ ಚೆನ್ನಾಗಿ ಬಂದಿತ್ತು.

ವ್ಯಾಪ್ತಿ ಪತ್ರ ಎರಡು ಪುಟ ಮೀರಬೇಕಿಲ್ಲ. ತಿಂಗಳಿಗೆ ಎಷ್ಟು ಪೋಸ್ಟ್, ಎಷ್ಟು ರೀಲ್, ಚಿತ್ರೀಕರಣಕ್ಕೆ ಎಷ್ಟು ಭೇಟಿ, ಒಂದು ವಿನ್ಯಾಸಕ್ಕೆ ಎಷ್ಟು ಬಾರಿ ತಿದ್ದುಪಡಿ ಎಂಬುದನ್ನು ಸಂಖ್ಯೆಯಲ್ಲಿ ಬರೆಯಬೇಕು. ಒಪ್ಪಿಗೆ ಕೊಡುವ ಒಬ್ಬರ ಹೆಸರಿರಬೇಕು. ಏಜೆನ್ಸಿಯ ಶುಲ್ಕ ಮತ್ತು ಜಾಹೀರಾತಿನ ಖರ್ಚು ಎರಡು ಬೇರೆ ಸಾಲುಗಳಲ್ಲಿ ಬರಬೇಕು, ಎರಡಕ್ಕೂ 18 ಶೇಕಡಾ ಜಿಎಸ್‌ಟಿ ಸೇರುತ್ತದೆಂದು ಸ್ಪಷ್ಟವಾಗಿ ಬರೆದಿರಬೇಕು. ತಿಂಗಳಿಗೆ 60,000 ರೂಪಾಯಿಯ ಜಾಹೀರಾತು ಎಂದು ಮಾತಾಗಿದ್ದಲ್ಲಿ ಕ್ಲೈಂಟ್‌ನ ಕಾರ್ಡಿನಿಂದ 70,800 ರೂಪಾಯಿ ಹೋದಾಗ, ಆ 10,800 ರೂಪಾಯಿಯನ್ನು ಏಜೆನ್ಸಿಯೇ ನುಂಗಿತೆಂಬ ಅನುಮಾನ ಬರುವುದು ಸಹಜ. ಒಪ್ಪಂದ ಮುರಿಯುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಮುರಿದ ಮೇಲೆ ವಿನ್ಯಾಸಗಳ ಮೂಲ ಕಡತ ಯಾರದು ಎಂಬುದೂ ಈಗಲೇ ತೀರ್ಮಾನವಾಗಲಿ. ಸಂಬಂಧ ಸಿಹಿಯಾಗಿರುವಾಗ ಈ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ.

ಹೆಜ್ಜೆ 3: ಖಾತೆಗಳ ಒಡೆತನ ಕ್ಲೈಂಟ್‌ನದೇ ಇರಲಿ

ನಮ್ಮಲ್ಲಿಗೆ ಬಂದ ಒಬ್ಬ ಕ್ಲೈಂಟ್‌ನ ಡೊಮೇನ್ ಹೆಸರು (ವೆಬ್‌ಸೈಟಿನ ವಿಳಾಸ), ಅವರಲ್ಲಿ ಹಿಂದೆ ಕೆಲಸಕ್ಕಿದ್ದ ಹುಡುಗನೊಬ್ಬನ ಸ್ವಂತ ಜಿಮೇಲ್‌ನಲ್ಲಿ ನೋಂದಣಿಯಾಗಿತ್ತು. ಜಾಹೀರಾತಿನ ಖಾತೆ ಹಳೆಯ ಏಜೆನ್ಸಿಯ ಹೆಸರಿನಲ್ಲಿತ್ತು. ಮೂರು ವರ್ಷ ಹಣ ಸುರಿದಿದ್ದರೂ, ಯಾವ ಪದಕ್ಕೆ ಎಷ್ಟು ಖರ್ಚಾಯಿತು, ಯಾವುದರಿಂದ ಗಿರಾಕಿ ಬಂದರು ಎಂಬ ಚರಿತ್ರೆಯ ಒಂದು ಸಾಲೂ ಅವರ ಕೈಗೆ ಸಿಗಲಿಲ್ಲ. ಆ ದಿನದಿಂದ ನಾನು ಈ ಹೆಜ್ಜೆಯನ್ನು ಬಿಟ್ಟು ಒಂದು ಪೋಸ್ಟನ್ನೂ ಹಾಕಿಸುವುದಿಲ್ಲ.

ಮಾಡಬೇಕಾದ ಕ್ರಮ ಹೀಗಿದೆ. ಗೂಗಲ್ ಆ್ಯಡ್ಸ್ ಖಾತೆಯನ್ನು ಕ್ಲೈಂಟ್‌ನ ಇಮೇಲ್‌ನಲ್ಲಿ ತೆರೆಯಿಸಿ, ಅದರ ಹತ್ತು ಅಂಕಿಯ ಗ್ರಾಹಕ ಸಂಖ್ಯೆಯನ್ನು ಪಡೆದು, ಏಜೆನ್ಸಿಯ ಮ್ಯಾನೇಜರ್ ಖಾತೆಯಿಂದ (ಹಲವು ಕ್ಲೈಂಟ್‌ಗಳ ಖಾತೆಗಳನ್ನು ಒಂದೆಡೆ ನೋಡಿಕೊಳ್ಳುವ ಖಾತೆ) ಜೋಡಣೆಯ ಕೋರಿಕೆ ಕಳುಹಿಸಬೇಕು. ಕ್ಲೈಂಟ್ ಅದನ್ನು ಒಪ್ಪಿದರೆ ಪಾಸ್‌ವರ್ಡ್ ಹಂಚಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಕ್ಲೈಂಟ್ ಮಾಲೀಕರಾಗಿಯೂ ಏಜೆನ್ಸಿ ವ್ಯವಸ್ಥಾಪಕರಾಗಿಯೂ ಇರಬೇಕು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗೆ ಅವೆರಡರ ಒಡೆಯ ಸಂಸ್ಥೆಯಾದ ಮೆಟಾದಲ್ಲಿ ಕ್ಲೈಂಟ್‌ನದೇ ಬಿಸಿನೆಸ್ ಪೋರ್ಟ್‌ಫೋಲಿಯೊ ರಚಿಸಿ, ಏಜೆನ್ಸಿಯನ್ನು ಪಾಲುದಾರನಾಗಿ ಸೇರಿಸಬೇಕು. ಅಂಗಡಿಯ ಮಾಲೀಕರ ಮಗನ ಫೋನಿನಲ್ಲಿ ಲಾಗಿನ್ ಆಗಿ ಒಟಿಪಿ ಕೇಳುತ್ತ ಕೂರುವ ಪದ್ಧತಿ ಎಲ್ಲೆಡೆ ಇದೆ. ಆ ಹುಡುಗ ಓದಲು ಪುಣೆಗೆ ಹೋದ ದಿನ ಎಲ್ಲವೂ ನಿಲ್ಲುತ್ತದೆ.

ಬಿಲ್ಲಿಂಗ್ ವಿವರದಲ್ಲಿ ಕ್ಲೈಂಟ್‌ನ ಜಿಎಸ್‌ಟಿ ಸಂಖ್ಯೆಯನ್ನು ಮೊದಲ ದಿನವೇ ತುಂಬಿಸಬೇಕು, ಇಲ್ಲವಾದರೆ ಅವರ ಲೆಕ್ಕಪರಿಶೋಧಕರು ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗಲಿಲ್ಲವೆಂದು ವರ್ಷದ ಕೊನೆಗೆ ದೂರುತ್ತಾರೆ. ಕಾರ್ಡಿನ ಸ್ವಯಂಚಾಲಿತ ಪಾವತಿಯ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮವೊಂದು ನೆನಪಿರಲಿ: 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಒಂದು ಮಿತಿ ಮೀರಿದ ಮರುಕಳಿಸುವ ಪಾವತಿಗೆ ಪ್ರತಿ ಬಾರಿಯೂ ಒಟಿಪಿ ಬೇಕು, ಮತ್ತು 2022ರಲ್ಲಿ ಆ ಸಾಮಾನ್ಯ ಮಿತಿಯನ್ನು 5,000ದಿಂದ 15,000 ರೂಪಾಯಿಗೆ ಏರಿಸಲಾಯಿತು. ಹಬ್ಬದ ಹಿಂದಿನ ದಿನ ಪಾವತಿ ವಿಫಲವಾಗಿ ಜಾಹೀರಾತು ನಿಂತುಹೋಗುವುದನ್ನು ತಪ್ಪಿಸಲು, ದೊಡ್ಡ ವಾರಗಳಿಗೆ ಮೊದಲೇ ಯುಪಿಐ ಮೂಲಕ ಮುಂಗಡ ತುಂಬಿಸಿ ಇಡುವುದು ಕ್ಷೇಮ.

ಹೆಜ್ಜೆ 4: ಬ್ರೀಫ್ ಬರೆಯುವುದು

‘ನಮ್ಮ ಹೆಸರು ಎಲ್ಲಾ ಕಡೆ ಕಾಣಬೇಕ್ರೀ’ ಎಂದು ಕ್ಲೈಂಟ್ ಹೇಳುತ್ತಾರೆ. ಅದನ್ನೇ ವಿನ್ಯಾಸಕಾರನಿಗೆ ದಾಟಿಸಿದರೆ ಅಂಚೆಯವನ ಕೆಲಸವಾಗುತ್ತದೆ. ಬ್ರೀಫ್ ಎಂದರೆ ಒಂದು ಪುಟದಲ್ಲಿ ಈ ಕೆಲಸ ಯಾರಿಗಾಗಿ, ಅವರು ಈಗ ಏನು ಅಂದುಕೊಂಡಿದ್ದಾರೆ, ಇದನ್ನು ನೋಡಿದ ಮೇಲೆ ಏನು ಮಾಡಬೇಕು, ಯಾವ ಒಂದೇ ಮಾತು ಅವರ ಮನಸ್ಸಿನಲ್ಲಿ ಉಳಿಯಬೇಕು, ಯಾವುದನ್ನು ಹೇಳಕೂಡದು, ಯಾವ ದಿನಾಂಕಕ್ಕೆ ಬೇಕು ಎಂಬುದನ್ನು ಬರೆದಿರುವ ಪತ್ರ.

ಇಳಕಲ್ ಸೀರೆ ಮಾರುವ ಒಂದು ಅಂಗಡಿಯನ್ನು ತೆಗೆದುಕೊಳ್ಳೋಣ. ಬ್ರೀಫ್‌ನಲ್ಲಿ ‘ಸುಂದರ ಸೀರೆಗಳು’ ಎಂದಷ್ಟೇ ಇದ್ದರೆ ವಿನ್ಯಾಸಕಾರ ಅಂತರ್ಜಾಲದಿಂದ ಯಾವುದೋ ಬನಾರಸಿ ಸೀರೆಯ ಚಿತ್ರ ತಂದು ಅಂಟಿಸುತ್ತಾನೆ. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುತ್ತಾರೆ, ಸೆರಗಿನಲ್ಲಿ ಕೆಂಪು-ಬಿಳುಪಿನ ಟೋಪ್ ತೆನಿ ವಿನ್ಯಾಸ ಇರುತ್ತದೆ, ಒಡಲು ಹತ್ತಿಯದಾಗಿದ್ದು ಸೆರಗು ಮಾತ್ರ ರೇಷ್ಮೆಯದಾಗಿರಬಹುದು ಎಂಬುದನ್ನು ಅಕೌಂಟ್ ಮ್ಯಾನೇಜರ್ ಬರೆದುಕೊಡಬೇಕು. ಹತ್ತಿಯ ಒಡಲಿನ ಸೀರೆಗೆ ‘ಅಪ್ಪಟ ರೇಷ್ಮೆ’ ಎಂದು ಬರೆದರೆ, ಅಥವಾ ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ತೋರಿಸಿದರೆ, ಅದು ಸುಳ್ಳು ಜಾಹೀರಾತು. ಜೊತೆಗೆ ನಮ್ಮ ಭಾಗದ ಯಾವ ಅಜ್ಜಿಯೂ ಅದನ್ನು ಒಂದೇ ನೋಟದಲ್ಲಿ ಹಿಡಿದುಬಿಡುತ್ತಾಳೆ.

ಭಾಷೆಯ ವಿಷಯವನ್ನು ಬ್ರೀಫ್‌ನಲ್ಲಿ ಪ್ರತ್ಯೇಕವಾಗಿ ನಮೂದಿಸಿ. ಬೆಳಗಾವಿಯ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವ ಗಿರಾಕಿಗಳಿದ್ದಾರೆ. ಒಂದು ಭಾಷೆಯಲ್ಲಿ ಬರೆದು ಯಂತ್ರದಿಂದ ಉಳಿದವನ್ನು ಅನುವಾದಿಸುವುದಕ್ಕಿಂತ, ಪ್ರತಿ ಭಾಷೆಗೂ ಆ ಭಾಷೆಯವರಿಂದಲೇ ನಾಲ್ಕು ಸಾಲು ಬರೆಯಿಸುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಕನ್ನಡದೊಳಗೂ ಎಚ್ಚರ ಬೇಕು: ಬೆಂಗಳೂರಿನ ಬರಹಗಾರ ‘ಬನ್ನಿ, ನೋಡಿ’ ಎಂದು ಬರೆದ ರೀಲಿಗೆ ಇಲ್ಲಿಯವರು ಹಿನ್ನೆಲೆ ದನಿ ಕೊಟ್ಟು ‘ಬರ್ರಿ, ನೋಡ್ರಿ’ ಎಂದಾಗ ಕೇಳುವವರ ಕಿವಿ ತಾನಾಗಿ ಈ ಕಡೆ ತಿರುಗುತ್ತದೆ. ಆದರೆ ಆಸ್ಪತ್ರೆ ಅಥವಾ ಬ್ಯಾಂಕಿನ ಪ್ರಕಟಣೆಗೆ ಗ್ರಂಥಸ್ಥ ಕನ್ನಡವೇ ಒಪ್ಪುತ್ತದೆ. ಇದರ ತೀರ್ಮಾನ ನಿಮ್ಮದು, ಬರಹಗಾರನ ಮೇಲೆ ಹಾಕಬೇಡಿ.

ಹೆಜ್ಜೆ 5: ಊರಿನ ಹೆಸರುಗಳ ಬಲೆ

ಈ ಹೆಜ್ಜೆ ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದಾಗ ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹುಡುಕುವವರ ಬೆರಳು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಹಳೆಯ ಹೆಸರಿನಿಂದ ಹುಡುಕುವವರು ಇಂದಿಗೂ ಇದ್ದಾರೆ. ಹೀಗಾಗಿ ಕೀವರ್ಡ್ ಪಟ್ಟಿಯಲ್ಲಿ (ಯಾವ ಪದ ಹುಡುಕಿದರೆ ಜಾಹೀರಾತು ಕಾಣಬೇಕೆಂಬ ಪಟ್ಟಿ) ಎರಡೂ ಹೆಸರುಗಳು, ಅವುಗಳ ಬೇರೆ ಬೇರೆ ಕಾಗುಣಿತಗಳೂ ಇರಬೇಕು. ತೊಡಕು ಏನೆಂದರೆ ಛತ್ತೀಸಗಡದಲ್ಲಿಯೂ ಒಂದು ಬಿಜಾಪುರ ಜಿಲ್ಲೆ ಇದೆ, ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರ ಇದೆ.

ವಿಜಯಪುರದ ಒಬ್ಬ ಕ್ಲೈಂಟ್‌ಗಾಗಿ ನಾವು ಓಡಿಸಿದ ಮೊದಲ ಅಭಿಯಾನದಲ್ಲಿ ನಾನು ಈ ತಪ್ಪನ್ನೇ ಮಾಡಿದೆ. ಗೂಗಲ್ ಆ್ಯಡ್ಸ್‌ನ ಸ್ಥಳದ ಆಯ್ಕೆಯಲ್ಲಿ ‘ಆ ಸ್ಥಳದಲ್ಲಿ ಇರುವವರು ಅಥವಾ ಅದರಲ್ಲಿ ಆಸಕ್ತಿ ತೋರಿದವರು’ ಎಂಬುದು ತಾನಾಗಿ ಆಯ್ಕೆಯಾಗಿರುತ್ತದೆ. ಅದನ್ನು ಬದಲಿಸದೆ, ಹೆಸರುಗಳನ್ನೂ ಪರೀಕ್ಷಿಸದೆ ಒಪ್ಪಿಗೆ ಕೊಟ್ಟುಬಿಟ್ಟೆ. ಎರಡನೆಯ ವಾರ ಕ್ಲೈಂಟ್ ಫೋನ್ ಮಾಡಿ, ಛತ್ತೀಸಗಡದ ದಂತೇವಾಡದ ಹತ್ತಿರದವರೊಬ್ಬರು ಹಿಂದಿಯಲ್ಲಿ ಅಂಗಡಿಯ ವಿಳಾಸ ಕೇಳುತ್ತಿದ್ದಾರೆಂದು ತಣ್ಣಗೆ ಹೇಳಿದರು. ವ್ಯರ್ಥವಾದ ಹಣವನ್ನು ನಾವು ಮುಂದಿನ ತಿಂಗಳ ಶುಲ್ಕದಲ್ಲಿ ಕಡಿತ ಮಾಡಿಕೊಟ್ಟೆವು. ಸ್ಥಳೀಯ ಅಂಗಡಿಗೆ ‘ಆ ಸ್ಥಳದಲ್ಲಿ ಇರುವವರು’ ಎಂಬುದನ್ನಷ್ಟೇ ಆರಿಸಿ, ಬೇಡದ ರಾಜ್ಯಗಳನ್ನು ಹೊರಗಿಟ್ಟು, ವಾರಕ್ಕೊಮ್ಮೆ ಹುಡುಕಾಟದ ಪದಗಳ ವರದಿಯನ್ನು ನೀವೇ ತೆರೆದು ನೋಡಿ. ಗೋಳಗುಮ್ಮಟ ನೋಡಲು ಬರುವ ಪ್ರವಾಸಿಗರನ್ನು ಹುಡುಕುತ್ತಿರುವ ಹೋಟೆಲ್‌ಗೆ ಮಾತ್ರ ಆ ‘ಆಸಕ್ತಿ ತೋರಿದವರು’ ಬೇಕಾಗುತ್ತಾರೆ.

ಹೆಜ್ಜೆ 6: ವರ್ಷದ ಪಂಚಾಂಗ

ದೊಡ್ಡ ಬ್ರ್ಯಾಂಡುಗಳ ಕ್ಯಾಲೆಂಡರನ್ನು ನಕಲು ಮಾಡಿ ಗೆಳೆತನದ ದಿನ, ಚಾಕೊಲೇಟ್ ದಿನ ಎಂದು ಪೋಸ್ಟ್ ಹಾಕುವುದರಿಂದ ನಮ್ಮ ಕ್ಲೈಂಟ್‌ಗಳಿಗೆ ನಯಾಪೈಸೆ ಬರುವುದಿಲ್ಲ. ಇಲ್ಲಿಯ ಪಂಚಾಂಗ ಬೇರೆ. ಕಾರ್ಖಾನೆಗಳು ಕಬ್ಬು ನುರಿಸಿ ಬಿಲ್ಲು ಕೊಟ್ಟಾಗ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರ್, ಬೈಕು, ಬಂಗಾರದ ವ್ಯಾಪಾರ ಏಳುತ್ತದೆ. ಬಿಲ್ಲು ತಡವಾದ ವರ್ಷ ಅದೇ ಜಾಹೀರಾತು ಮಂಕಾಗುತ್ತದೆ, ಅದಕ್ಕೆ ವಿನ್ಯಾಸಕಾರನನ್ನು ಬೈದು ಪ್ರಯೋಜನವಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಆದ್ದರಿಂದ ಮದುವೆ ಸೀರೆಯ ಖರ್ಚನ್ನು ಆಗ ತಗ್ಗಿಸಬೇಕು. ಶ್ರಾವಣದ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ, ಸೀರೆ, ಬಳೆಗಳ ಕಾಲವದು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲಿ ಬೆಳಗಾವಿಯ ಹೋಟೆಲ್ ಕೋಣೆಗಳು ತಾವಾಗಿ ತುಂಬುತ್ತವೆ, ಆ ಎರಡು ವಾರ ಹೋಟೆಲ್ ಕ್ಲೈಂಟ್‌ನ ಜಾಹೀರಾತಿನ ಹಣವನ್ನು ಜನವರಿಗೆ ಉಳಿಸುವುದು ಜಾಣತನ.

ಹೆಜ್ಜೆ 7: ಒಪ್ಪಿಗೆ ಪಡೆಯುವುದು

ನಮ್ಮ ಕಡೆಯ ‘ಅಡ್ಡಿಯಿಲ್ರೀ’ ಎಂಬ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಅದರ ಅರ್ಥ ‘ಒಪ್ಪಿದೆ’ ಎಂದೂ ಆಗಬಹುದು, ‘ನೋಡಿದೆ, ಇನ್ನೂ ಯೋಚಿಸಿಲ್ಲ’ ಎಂದೂ ಆಗಬಹುದು, ‘ನಿಮ್ಮ ಮನಸ್ಸು ನೋಯಿಸಲು ಇಷ್ಟವಿಲ್ಲ’ ಎಂದೂ ಆಗಬಹುದು. ‘ನೋಡೋಣ ತಗೋರಿ’ ಎಂದರೆ ಬಹುಮಟ್ಟಿಗೆ ‘ಬೇಡ’. ಕೂಡುಕುಟುಂಬದ ವ್ಯವಹಾರದಲ್ಲಿ ಕಿರಿಯ ತಮ್ಮ ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆಟ್ಟಿನ ಚಿಹ್ನೆ ಹಾಕಿ, ಪೋಸ್ಟ್ ಹೋದ ಮೇಲೆ ಹಿರಿಯ ಅಣ್ಣ ಬಣ್ಣ ಸರಿಯಿಲ್ಲವೆಂದು ಫೋನ್ ಮಾಡುವುದು ವಾರದ ಮಾತು.

ಇದಕ್ಕೆ ಮದ್ದು ಇಷ್ಟೇ. ಎಲ್ಲ ಚರ್ಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದರೂ, ಒಪ್ಪಿಗೆ ಮಾತ್ರ ಒಂದೇ ಜಾಗದಲ್ಲಿ, ಒಬ್ಬರಿಂದ, ಬರಹದಲ್ಲಿ ಬರಬೇಕು. ಪ್ರತಿ ಫೋನ್ ಕರೆಯ ನಂತರ ಅರ್ಧ ಗಂಟೆಯೊಳಗೆ ಒಂದು ಸಣ್ಣ ಸಂದೇಶ ಕಳುಹಿಸಿ: ‘ಇಂದು ಮಾತಾದಂತೆ, ಪಂಚಮಿ ರೀಲಿನಲ್ಲಿ ಬೆಲೆಯನ್ನು ತೋರಿಸುವುದಿಲ್ಲ, ಎರಡನೆಯ ಚಿತ್ರವನ್ನು ಬದಲಿಸುತ್ತೇವೆ, ಬದಲಾದ ಪ್ರತಿ ಬುಧವಾರ ಸಂಜೆ 4ಕ್ಕೆ ತಲುಪುತ್ತದೆ. ಗುರುವಾರ ಮಧ್ಯಾಹ್ನ 12ರೊಳಗೆ ‘ಒಪ್ಪಿದೆ’ ಎಂದು ಇದೇ ಸಂದೇಶಕ್ಕೆ ಉತ್ತರಿಸಿದರೆ ಶುಕ್ರವಾರ ಪ್ರಕಟವಾಗುತ್ತದೆ.’ ಬೆಲೆ, ದಿನಾಂಕ, ಫೋನ್ ಸಂಖ್ಯೆ ಈ ಮೂರನ್ನು ಕ್ಲೈಂಟ್ ಒಪ್ಪಿದ ಮೇಲೂ ನೀವೇ ಇನ್ನೊಮ್ಮೆ ಓದಿ. ಆ ಫೋನ್ ಸಂಖ್ಯೆಗೆ ನಿಮ್ಮ ಮೊಬೈಲಿನಿಂದ ಕರೆ ಮಾಡಿ ನೋಡಿ.

ಕಾನೂನಿನ ಪರೀಕ್ಷೆಯೂ ಈ ಹಂತದಲ್ಲಿಯೇ ಆಗಬೇಕು. ಮಧುಮೇಹ ಪೂರ್ತಿ ಗುಣಪಡಿಸುತ್ತೇವೆ ಎಂಬ ಔಷಧದ ಜಾಹೀರಾತನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ, ಕ್ಲೈಂಟ್ ಎಷ್ಟೇ ಒತ್ತಾಯಿಸಲಿ ಅದನ್ನು ಮುಟ್ಟಬಾರದು. ಬಾಗಲಕೋಟೆಯ ನವನಗರವಿರಲಿ, ಬೆಳಗಾವಿಯ ಹೊರವಲಯವಿರಲಿ, 500 ಚದರ ಮೀಟರ್ ಮೀರಿದ ಬಡಾವಣೆಯನ್ನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗೆ ಮುಂಚೆ ಜಾಹೀರಾತು ಮಾಡುವಂತಿಲ್ಲ. ನೋಂದಣಿ ಸಂಖ್ಯೆ ಬಂದ ಮೇಲೆಯೇ ಬ್ರೀಫ್ ತೆರೆಯಿರಿ. ತರಬೇತಿ ಕೇಂದ್ರಗಳ ಕುರಿತು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಆಯ್ಕೆಯಾದ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಭಾವಚಿತ್ರ ಬಳಸುವಂತಿಲ್ಲ, ಅವರು ಯಾವ ಕೋರ್ಸ್ ಓದಿದ್ದರೆಂಬುದನ್ನು ಮುಚ್ಚಿಡುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಈ ಸಂಖ್ಯೆಯನ್ನು ಹೇಳಿದರೆ ಕ್ಲೈಂಟ್‌ನ ಒತ್ತಾಯ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಹೆಜ್ಜೆ 8: ಓಡುತ್ತಿರುವ ಅಭಿಯಾನವನ್ನು ನೋಡಿಕೊಳ್ಳುವುದು

ಜಾಹೀರಾತು ಓಡಿಸುವ ತಜ್ಞ ಬೇರೆ ಇದ್ದರೂ, ಅಕೌಂಟ್ ಮ್ಯಾನೇಜರ್‌ಗೆ ಎರಡು ಲೆಕ್ಕಗಳು ಬಾಯಿಪಾಠ ಇರಬೇಕು. ಮೊದಲನೆಯದು ಗೂಗಲ್‌ನದು. ತಿಂಗಳಿಗೆ 30,000 ರೂಪಾಯಿ ಎಂದರೆ, ಅದನ್ನು 30.4ರಿಂದ ಭಾಗಿಸಿ ದಿನಕ್ಕೆ ಸುಮಾರು 987 ರೂಪಾಯಿ ನಿಗದಿ ಮಾಡುತ್ತಾರೆ. ಆದರೆ ಗೂಗಲ್ ಯಾವುದೋ ಒಂದು ದಿನ ಅದರ ಎರಡು ಪಟ್ಟಿನವರೆಗೆ ಖರ್ಚು ಮಾಡಿ, ತಿಂಗಳ ಒಟ್ಟು ಮಿತಿಯನ್ನು ಮಾತ್ರ ಕಾಯ್ದುಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ, ಒಂದು ಶನಿವಾರ 1,900 ರೂಪಾಯಿ ಹೋದದ್ದನ್ನು ಕಂಡ ಕ್ಲೈಂಟ್ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ.

ಎರಡನೆಯದು ಮೆಟಾದ ಕಲಿಕೆಯ ಹಂತ, ಅಂದರೆ ಜಾಹೀರಾತನ್ನು ಯಾರಿಗೆ ತೋರಿಸಿದರೆ ಫಲ ಸಿಗುತ್ತದೆಂದು ಅದರ ಯಂತ್ರ ಕಲಿಯುವ ಅವಧಿ. ಒಂದು ಜಾಹೀರಾತು ಗುಂಪಿಗೆ ಏಳು ದಿನಗಳಲ್ಲಿ ಸುಮಾರು 50 ಫಲಿತಾಂಶ ಬಂದಾಗಲೇ ಅದರ ಯಂತ್ರ ಸ್ಥಿರವಾಗುತ್ತದೆ. ಒಂದು ವಿಚಾರಣೆಗೆ 250 ರೂಪಾಯಿ ಬೀಳುತ್ತದೆಂದರೆ ವಾರಕ್ಕೆ 12,500 ರೂಪಾಯಿ ಬೇಕಾಯಿತು. ಕ್ಲೈಂಟ್ ತಿಂಗಳಿಗೆ 15,000 ರೂಪಾಯಿ ಕೊಟ್ಟು, ಬೆಳಗಾವಿಗೊಂದು, ಗೋಕಾಕಕ್ಕೊಂದು, ಚಿಕ್ಕೋಡಿಗೊಂದು, ಅಥಣಿಗೊಂದು ಎಂದು ನಾಲ್ಕು ಗುಂಪು ಮಾಡಿಸಿದರೆ ಒಂದೊಂದಕ್ಕೆ ತಿಂಗಳಿಗೆ ಹದಿನೈದು ವಿಚಾರಣೆ ಸಿಗುತ್ತದೆ, ಕಲಿಕೆ ಎಂದಿಗೂ ಮುಗಿಯುವುದಿಲ್ಲ. ಸಣ್ಣ ಬಜೆಟ್ಟನ್ನು ಒಂದೇ ಗುಂಪಿನಲ್ಲಿ ಇಡಿಸಿ, ಪ್ರತಿ ಎರಡು ದಿನಕ್ಕೊಮ್ಮೆ ಬದಲಾವಣೆ ಕೇಳುವ ಕ್ಲೈಂಟ್‌ನ ಕೈಯನ್ನು ಮೆಲ್ಲಗೆ ಹಿಡಿಯುವುದು ನಿಮ್ಮ ಕೆಲಸ.

ಹೆಜ್ಜೆ 9: ವರದಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ಸಮಯ ಕೊಡುವುದು ಇದಕ್ಕೆ. ಎಷ್ಟು ಜನರಿಗೆ ತಲುಪಿತು, ಎಷ್ಟು ಮಂದಿ ಒತ್ತಿದರು ಎಂಬ ಇಪ್ಪತ್ತು ಪುಟದ ವರದಿಯನ್ನು ಯಾರೂ ಓದುವುದಿಲ್ಲ. ಒಂದು ತರಬೇತಿ ಕೇಂದ್ರದ ಉದಾಹರಣೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಏಪ್ರಿಲ್‌ನಲ್ಲಿ ಜಿಎಸ್‌ಟಿ ಬಿಟ್ಟು 60,000 ರೂಪಾಯಿ ಖರ್ಚಾಗಿ 240 ವಿಚಾರಣೆಗಳು ಬಂದವು. ಒಂದಕ್ಕೆ 250 ರೂಪಾಯಿ. ಏಜೆನ್ಸಿ ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೇಂದ್ರದ ಸಿಬ್ಬಂದಿ ಫೋನಿನಲ್ಲಿ ಮಾತನಾಡಲು ಸಿಕ್ಕವರು 150, ಕೇಂದ್ರಕ್ಕೆ ಬಂದವರು 36, ಪ್ರವೇಶ ಪಡೆದವರು 9. ಅಂದರೆ ಒಂದು ಪ್ರವೇಶಕ್ಕೆ ಸುಮಾರು 6,667 ರೂಪಾಯಿ.

ಮೇ ತಿಂಗಳಲ್ಲಿ ಫಾರ್ಮಿನಲ್ಲಿ ಎರಡು ಪ್ರಶ್ನೆ ಹೆಚ್ಚಿಸಿದೆವೆಂದುಕೊಳ್ಳಿ: ಮಗು ಯಾವ ತರಗತಿ, ಯಾವ ಊರಿನಿಂದ ಬರಬೇಕು. ಅದೇ 60,000 ರೂಪಾಯಿಗೆ 160 ವಿಚಾರಣೆಗಳಷ್ಟೇ ಬಂದವು, ಒಂದರ ಬೆಲೆ 375ಕ್ಕೆ ಏರಿತು. ಆದರೆ ಕೇಂದ್ರಕ್ಕೆ ಬಂದವರು 40, ಪ್ರವೇಶ 12, ಒಂದು ಪ್ರವೇಶಕ್ಕೆ 5,000 ರೂಪಾಯಿ. ವಿಚಾರಣೆಯ ಬೆಲೆಯನ್ನಷ್ಟೇ ನೋಡುವ ಕ್ಲೈಂಟ್‌ಗೆ ಮೇ ತಿಂಗಳು ಸೋಲಾಗಿ ಕಾಣುತ್ತದೆ, ಗಲ್ಲಾಪೆಟ್ಟಿಗೆ ಬೇರೆಯೇ ಹೇಳುತ್ತದೆ. ಎಷ್ಟು ಜನ ಬಂದರು, ಎಷ್ಟು ಪ್ರವೇಶವಾಯಿತು ಎಂಬ ಎರಡು ಸಂಖ್ಯೆಗಳು ಏಜೆನ್ಸಿಯ ಪರದೆಯಲ್ಲಿ ಇರುವುದಿಲ್ಲ, ಕ್ಲೈಂಟ್‌ನ ನೋಟುಬುಕ್ಕಿನಲ್ಲಿರುತ್ತವೆ. ಅವುಗಳನ್ನು ವಾರಕ್ಕೊಮ್ಮೆ ಕೇಳಿ ತೆಗೆದುಕೊಳ್ಳಲು ಒಂದು ಹಂಚಿಕೆಯ ಶೀಟ್ ಮಾಡಿ, ಸ್ವಾಗತದಲ್ಲಿ ಕೂರುವವರಿಗೆ ತುಂಬಿಸುವುದನ್ನು ನೀವೇ ಹೋಗಿ ಕಲಿಸಿ. ಏಪ್ರಿಲ್‌ನಲ್ಲಿ ಫೋನಿಗೆ ಸಿಗದ ಆ 90 ಮಂದಿಯನ್ನು ಬಿಡಿಸಿ ನೋಡಿದರೆ, ರಾತ್ರಿ ಬಂದ ವಿಚಾರಣೆಗೆ ಮರುದಿನ ಮಧ್ಯಾಹ್ನ ಕರೆ ಹೋದದ್ದು, ಭಾನುವಾರ ಯಾರೂ ಕರೆ ಮಾಡದಿದ್ದದ್ದು ಹೊರಬರುತ್ತದೆ. ಅಲ್ಲಿ ಜಾಹೀರಾತನ್ನು ತಿದ್ದುವುದಕ್ಕಿಂತ ಭಾನುವಾರಕ್ಕೆ ಒಬ್ಬರನ್ನು ನೇಮಿಸುವುದು ಹೆಚ್ಚು ಫಲ ಕೊಡುತ್ತದೆ.

ಇಷ್ಟು ಜನರ ಫೋನ್ ಸಂಖ್ಯೆ ಕೈಗೆ ಬಂದಾಗ ಒಂದು ಆಮಿಷವೂ ಬರುತ್ತದೆ. ಒಬ್ಬ ಕ್ಲೈಂಟ್‌ನ ಪಟ್ಟಿಯನ್ನು ಇನ್ನೊಬ್ಬರಿಗೆ ಬಳಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಬೆಳಗಾವಿಯಂಥ ಊರಿನಲ್ಲಿ ಆ ಸುದ್ದಿ ಖಡೇಬಜಾರದ ಈ ತುದಿಯಿಂದ ಆ ತುದಿಗೆ ಒಂದು ಚಹಾ ಮುಗಿಯುವುದರೊಳಗೆ ತಲುಪುತ್ತದೆ.

ವರದಿ ಒಂದೇ ಪುಟವಿರಲಿ: ಈ ತಿಂಗಳು ಏನು ಮಾಡಿದೆವು, ಎಷ್ಟು ಖರ್ಚಾಗಿ ಎಷ್ಟು ಬಂತು, ಯಾವುದು ಕೆಲಸ ಮಾಡಲಿಲ್ಲ, ಮುಂದಿನ ತಿಂಗಳು ಏನು ಬದಲಿಸುತ್ತೇವೆ, ಕ್ಲೈಂಟ್ ಏನು ತೀರ್ಮಾನಿಸಬೇಕು. ಕೆಟ್ಟ ಸುದ್ದಿಯಿದ್ದರೆ ವರದಿಗೆ ಕಾಯಬೇಡಿ. ಅಂಕಿಗಳು ಕುಸಿದದ್ದು ಕಂಡ ದಿನವೇ ಫೋನ್ ಮಾಡಿ, ಏನಾಗಿದೆ, ಕಾರಣ ಏನಿರಬಹುದು, ಎಂದಿಗೆ ಉತ್ತರ ಕೊಡುತ್ತೇವೆ ಎಂಬ ಮೂರನ್ನು ಹೇಳಿ. ತಪ್ಪು ತಂಡದ್ದಾಗಿದ್ದರೆ, ತಪ್ಪು ಮಾಡಿದವನ ಹೆಸರನ್ನು ಕ್ಲೈಂಟ್ ಮುಂದೆ ಎತ್ತಬೇಡಿ. ಕ್ಲೈಂಟ್‌ನ ಸಿಟ್ಟನ್ನು ಹಾಗೆಯೇ ಹೊತ್ತು ತಂದು ಆ ಹುಡುಗನ ಮೇಜಿನ ಮೇಲೆ ಸುರಿಯಲೂ ಬೇಡಿ.

ಹೆಜ್ಜೆ 10: ಬಿಲ್ಲು ಮತ್ತು ವಸೂಲಿ

ಉದ್ರಿ ನಮ್ಮ ಪೇಟೆಯ ರೂಢಿ. ಏಜೆನ್ಸಿಯ ಶುಲ್ಕಕ್ಕೆ ಹದಿನೈದು-ಮೂವತ್ತು ದಿನ ಉದ್ರಿ ಸಹಿಸಬಹುದು, ಜಾಹೀರಾತಿನ ಹಣಕ್ಕೆ ಒಂದು ದಿನವೂ ಸಲ್ಲದು. ಆ ಹಣ ಕ್ಲೈಂಟ್‌ನ ಕಾರ್ಡಿನಿಂದ ನೇರವಾಗಿ ಹೋಗಬೇಕು. ತಿಂಗಳ 1ರಂದು ಬಿಲ್ಲು, 7ರಂದು ಸೌಮ್ಯ ನೆನಪು, 15ರಂದು ಫೋನ್, 30 ದಾಟಿದರೆ ನೀವೇ ಖುದ್ದಾಗಿ ಹೋಗುವುದು. ಮಾಲೀಕರು ಚಹಾ ತರಿಸುತ್ತಾರೆ, ಕುಡಿಯಿರಿ, ಆದರೆ ದಿನಾಂಕ ಹಾಕಿಸಿಕೊಳ್ಳದೆ ಏಳಬೇಡಿ. ಬಂದ ಹಣದಲ್ಲಿ ಟಿಡಿಎಸ್ (ನಮ್ಮ ಪರವಾಗಿ ಕ್ಲೈಂಟ್ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿತವಾಗಿದ್ದರೆ ಅದನ್ನು ಬಾಕಿಯೆಂದು ತಪ್ಪಾಗಿ ಬರೆದುಕೊಳ್ಳದೆ, ಪ್ರಮಾಣಪತ್ರ ಕೇಳಿ ಪಡೆಯಿರಿ.

ಹೆಜ್ಜೆ 11: ನವೀಕರಣ, ಇಲ್ಲವೇ ಬೀಳ್ಕೊಡುಗೆ

ಒಪ್ಪಂದ ಮುಗಿಯುವ ಎರಡು ತಿಂಗಳು ಮೊದಲೇ, ವರ್ಷದ ಆರಂಭದಲ್ಲಿ ಬರೆದುಕೊಂಡ ಆ ಹತ್ತು ಪ್ರಶ್ನೆಗಳ ಕಾಗದವನ್ನು ತೆಗೆದುಕೊಂಡು ಮತ್ತೆ ಕ್ಲೈಂಟ್ ಬಳಿ ಹೋಗಿ. ಉತ್ತರಗಳು ಎಲ್ಲಿ ಬದಲಾಗಿವೆಯೋ ಅಲ್ಲಿ ಮುಂದಿನ ವರ್ಷದ ಕೆಲಸವಿರುತ್ತದೆ, ಶುಲ್ಕ ಹೆಚ್ಚಿಸುವ ಮಾತಿಗೂ ಅದೇ ಆಧಾರ. ಕ್ಲೈಂಟ್ ಬಿಡುವುದಾಗಿ ಹೇಳಿದರೆ ಕಾರಣವನ್ನು ಒಮ್ಮೆ ಕೇಳಿ, ವಾದಿಸಬೇಡಿ. ಕೊನೆಯ ವಾರದಲ್ಲಿ ಓಡುತ್ತಿರುವ ಅಭಿಯಾನಗಳ ಪಟ್ಟಿ, ಮೂಲ ಕಡತಗಳ ಫೋಲ್ಡರ್, ವಿಚಾರಣೆಗಳ ಶೀಟ್, ಡೊಮೇನ್ ಮತ್ತು ಹೋಸ್ಟಿಂಗ್ ನವೀಕರಿಸಬೇಕಾದ ದಿನಾಂಕಗಳನ್ನು ಒಂದೇ ಇಮೇಲ್‌ನಲ್ಲಿ ಕಳುಹಿಸಿ. ಅವರು ತಲುಪಿತೆಂದು ಉತ್ತರಿಸಿದ ಮೇಲೆ, ಗೂಗಲ್ ಆ್ಯಡ್ಸ್, ಬಿಸಿನೆಸ್ ಪ್ರೊಫೈಲ್, ಮೆಟಾ, ಅನಾಲಿಟಿಕ್ಸ್ (ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಸಾಧನ) ಈ ನಾಲ್ಕರಿಂದಲೂ ಏಜೆನ್ಸಿಯ ಪ್ರವೇಶವನ್ನು ನೀವೇ ತೆಗೆದು, ತೆಗೆದದ್ದರ ಸ್ಕ್ರೀನ್‌ಶಾಟನ್ನು ಅದೇ ಇಮೇಲ್‌ಗೆ ಲಗತ್ತಿಸಿ.